ಉಬುಂಟು 22.04ಕ್ಕೆ 6.8 ಕರ್ನಲ್: ಕಾಸರಗೋಡಿನ ಶಾಲೆ, ಮನೆ, ಡಿಟಿಪಿ ಅಂಗಡಿಗಳ ಕಂಪ್ಯೂಟರಿಗೆ ಹೊಂದುತ್ತದೆಯೇ?

ಮೊದಲು ತೀರ್ಪು, ಆಮೇಲೆ ವಿವರ. ಕರ್ನಲ್ ಎಂದರೆ ಉಬುಂಟುವಿನಂಥ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಯಂತ್ರದ ಭಾಗಗಳನ್ನು ನಡೆಸುವುದು ಅದೇ. ಉಬುಂಟು 22.04 ಓಡುತ್ತಿರುವ ಲ್ಯಾಪ್‌ಟಾಪ್ 2022ರ ಈಚೆಗೆ ಕೊಂಡದ್ದಾದರೆ ಎಚ್‌ಡಬ್ಲ್ಯುಇ (ಹಾರ್ಡ್‌ವೇರ್ ಎನೇಬಲ್‌ಮೆಂಟ್) ದಾರಿಯಲ್ಲಿ ಬರುವ ಈ 6.8 ಕರ್ನಲ್ ಬೇಕೇ ಬೇಕು. ಹಳೆಯ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡನ್ನು ಎನ್‌ವಿಡಿಯಾದ್ದೇ ಡ್ರೈವರಿನಲ್ಲಿ ಓಡಿಸುವ ಡೆಸ್ಕ್‌ಟಾಪಾದರೆ ಬೇಡವೇ ಬೇಡ. ಇವೆರಡರ ನಡುವಿನ ಯಂತ್ರಗಳಿಗೆ ಹಾಕಿದರೆ ಸ್ವಲ್ಪ ಲಾಭವುಂಟು, ಹಾಕದಿದ್ದರೆ ನಷ್ಟವೇನೂ ಇಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕಳೆದ ಒಂದು ಅಂಕ ಹೊರಗಿನಿಂದ ತಂದು ಹಾಕುವ ಡ್ರೈವರುಗಳ (ಒಂದೊಂದು ಯಂತ್ರಭಾಗವನ್ನು ನಡೆಸುವ ತಂತ್ರಾಂಶಗಳ) ಲೆಕ್ಕಕ್ಕೆ ಹೋಯಿತು.

ಕಾಸರಗೋಡಿನ ಕನ್ನಡಿಗರಿಗೆ ಈ ವಿಷಯ ಬೇರೆ ಕಡೆಯವರಿಗಿಂತ ಹತ್ತಿರದ್ದು. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಸ್ವತಂತ್ರ ತಂತ್ರಾಂಶವೇ ನಡೆದುಬಂದಿದೆ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾದ ಮೇಲೂ ಅದು ಬದಲಾಗಲಿಲ್ಲ. ಈಗ ಶಾಲೆಗಳಿಗೆ ಬಂದಿರುವ ಕೈಟ್ ಗ್ನು-ಲಿನಕ್ಸ್ 22.04ರ ಬುನಾದಿ ಉಬುಂಟು 22.04. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನೇ ಮನೆಯ ಕಂಪ್ಯೂಟರಿನಲ್ಲೂ ಹಾಕಿಸಿಕೊಳ್ಳುತ್ತಾರೆ. ಹೊಸ ಲ್ಯಾಪ್‌ಟಾಪಿಗೆ ಹಾಕಿದಾಗ ವೈಫೈ ಸಿಗುವುದಿಲ್ಲ, ಬ್ರೈಟ್‌ನೆಸ್ ಕೆಲಸ ಮಾಡುವುದಿಲ್ಲ ಎಂಬ ದೂರು ಅಲ್ಲಿಂದಲೇ ಶುರು.

ಏನಿದು ಎಚ್‌ಡಬ್ಲ್ಯುಇ?

22.04 ಹೊರಬಂದದ್ದು 2022ರ ಏಪ್ರಿಲಿನಲ್ಲಿ, 5.15 ಕರ್ನಲ್ ಜೊತೆಗೆ. ಅದು ಮೂಲ ದಾರಿ. ಈ ದಾರಿಯಲ್ಲಿ ಇರುವವರಿಗೆ ಕೊನೆಯವರೆಗೂ 5.15 ಆವೃತ್ತಿಯೇ, ಭದ್ರತೆಯ ತೇಪೆಗಳು ಮಾತ್ರ ಬರುತ್ತಿರುತ್ತವೆ. ಎಚ್‌ಡಬ್ಲ್ಯುಇ ಎರಡನೆಯ ದಾರಿ: ಉಬುಂಟುವಿನ ನಂತರದ ಆವೃತ್ತಿಗಳಿಗೆ ಮಾಡಿದ ಕರ್ನಲನ್ನೇ 22.04ಕ್ಕೂ ಹೊಂದಿಸಿ ಕೊಡುವುದು. ಹಾಗೆ 5.19, 6.2, 6.5 ದಾಟಿ 2024ರ ಸೆಪ್ಟೆಂಬರಿನ 22.04.5ರ ಹೊತ್ತಿಗೆ 6.8ಕ್ಕೆ ಬಂದು ನಿಂತಿತು. ನಿಂತಿತು ಎಂದದ್ದು ಅಕ್ಷರಶಃ ನಿಜ. 6.8 ಎಂದರೆ 24.04ರ ಮೂಲ ಕರ್ನಲ್. ಮುಂದಿನ ಎಲ್‌ಟಿಎಸ್‌ನ (ದೀರ್ಘಕಾಲ ಬೆಂಬಲವಿರುವ ಆವೃತ್ತಿಯ) ಕರ್ನಲಿಗೆ ತಲುಪಿದ ಮೇಲೆ ಹಿಂದಿನ ಎಲ್‌ಟಿಎಸ್‌ಗೆ ಹೊಸ ಜಿಗಿತ ಇರುವುದಿಲ್ಲ.

ಆರು ತಿಂಗಳಿಗೊಮ್ಮೆ ಕರ್ನಲ್ ಬದಲಾಗುತ್ತಿದ್ದ ದಿನಗಳಲ್ಲಿ ಎಚ್‌ಡಬ್ಲ್ಯುಇ ಹಾಕಲು ಹಿಂಜರಿದವರ ಹಿಂಜರಿಕೆಗೆ ಅರ್ಥವಿತ್ತು. 6.2ರಲ್ಲಿ ಸರಿಯಿದ್ದ ಡ್ರೈವರು 6.5 ಬಂದ ಬೆಳಿಗ್ಗೆ ಕೈಕೊಡುತ್ತಿತ್ತು. ಈಗ ಹಾಗಿಲ್ಲ. 6.8ರಲ್ಲಿ ಒಮ್ಮೆ ಎಲ್ಲ ಸರಿಹೋದರೆ 22.04ರ ಸಾಮಾನ್ಯ ಬೆಂಬಲ ಮುಗಿಯುವ 2027ರ ತನಕ ಅದೇ ಕರ್ನಲ್, ಅದೇ ಡ್ರೈವರು.

ನಿಮ್ಮಲ್ಲಿ ಈಗ ಯಾವುದಿದೆ ಎಂದು ಮೊದಲು ನೋಡಿಕೊಳ್ಳಿ. ಟರ್ಮಿನಲಿನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ‘ಯುನೇಮ್ -ಆರ್’ (uname -r; ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು) ಕೊಟ್ಟರೆ 5.15.0-91-ಜೆನೆರಿಕ್ ಎಂಬಂಥ ಸಾಲು ಬರುತ್ತದೆ. ಮೊದಲ ಭಾಗ ಕರ್ನಲಿನ ಆವೃತ್ತಿ, ನಡುವಿನ ಅಂಕೆ ಉಬುಂಟು ತಾನು ಕೊಡುವ ಸರಣಿ ಸಂಖ್ಯೆ. 6.8 ಎಂದೇ ಬಂದರೆ ನಿಮ್ಮ ಕೆಲಸ ಆಗಲೇ ಆಗಿಹೋಗಿದೆ, ಏಕೆಂದರೆ ಉಬುಂಟುವಿನ ಡೆಸ್ಕ್‌ಟಾಪ್ ಐಎಸ್‌ಒದಿಂದ (ಉಬುಂಟು ಹಾಕಲು ಇಳಿಸಿಕೊಳ್ಳುವ ಕಡತದಿಂದ) ಹಾಕಿದವರಿಗೆ ಎಚ್‌ಡಬ್ಲ್ಯುಇ ತಾನಾಗಿಯೇ ಬರುತ್ತದೆ. ಸರ್ವರ್ ಐಎಸ್‌ಒದಿಂದ ಹಾಕಿದ್ದರೆ, ಇಲ್ಲವೇ ಯಾರೋ ಮೂಲ ಕರ್ನಲಿಗೆ ಕಟ್ಟಿಹಾಕಿ ಕೊಟ್ಟಿದ್ದರೆ 5.15 ಕಾಣುತ್ತದೆ.

ಹಾಕಿದರೆ ಏನು ಸಿಗುತ್ತದೆ?

ವೈಫೈ. ಉಳಿದದ್ದೆಲ್ಲ ಇದರ ನಂತರ. ಅಗ್ಗದ ಮತ್ತು ಮಧ್ಯಮ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬರುವ ರಿಯಲ್‌ಟೆಕ್ 8852ಬಿಇ ಚಿಪ್ಪಿಗೆ ಕರ್ನಲಿನೊಳಗೇ ಡ್ರೈವರು ಸೇರಿದ್ದು 6.2ರಲ್ಲಿ. 5.15ರಲ್ಲಿ ಅದು ಇಲ್ಲವೇ ಇಲ್ಲ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ನೆಟ್‌ವರ್ಕ್ ಪಟ್ಟಿಯಲ್ಲಿ ವೈಫೈ ಎಂಬ ಸಾಲೇ ಮೂಡುವುದಿಲ್ಲ. ಅದಕ್ಕೂ ಹಿಂದಿನ 8821ಸಿಇ ಚಿಪ್ಪಿಗೆ 5.9ರಿಂದಲೇ ಡ್ರೈವರು ಇದೆ, ಅದಕ್ಕಾಗಿ ಕರ್ನಲ್ ಬದಲಿಸಬೇಕಿಲ್ಲ. ನಿಮ್ಮದು ಯಾವುದೆಂದು ತಿಳಿಯಲು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಇದ್ದರೆ ಡ್ರೈವರು ಹತ್ತಿದೆ ಎಂದರ್ಥ. ಆಮೇಲೂ ವೈಫೈ ಬಾರದಿದ್ದರೆ ತೊಂದರೆ ಫರ್ಮ್‌ವೇರಿನದ್ದೋ (ಚಿಪ್ಪಿನೊಳಗೇ ಓಡುವ ತಂತ್ರಾಂಶ) ಬಯಾಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗಿನದ್ದೋ ಇರಬೇಕು. ಆ ಸಾಲೇ ಇಲ್ಲದಿದ್ದರೆ ಕರ್ನಲಿಗೆ ಆ ಚಿಪ್ಪಿನ ಗುರುತೇ ಇಲ್ಲ.

ವೈಫೈ ಇಲ್ಲದ ಲ್ಯಾಪ್‌ಟಾಪಿಗೆ ಕರ್ನಲ್ ಇಳಿಸಿಕೊಳ್ಳುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. 5.15ಕ್ಕೂ ಅದು ವಯರ್ಡ್ ನೆಟ್‌ವರ್ಕಿನ ಹಾಗೆ ಕಾಣುತ್ತದೆ. ಕೇಬಲ್ ಡೇಟಾ ಹಾಯಿಸುವಂಥದ್ದಾಗಿರಬೇಕು. ಬರೀ ಚಾರ್ಜಿಂಗ್ ಕೇಬಲ್ ಆದರೆ ಫೋನಿನಲ್ಲಿ ಟೆದರಿಂಗ್ ಆಯ್ಕೆಯನ್ನು ಒತ್ತಲು ಬಿಡುವುದೇ ಇಲ್ಲ.

ರೈಜನ್ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಲಾಭ. ಎಎಂಡಿ ಪ್ರೊಸೆಸರಿನ ವೇಗವನ್ನು ಹದವಾಗಿ ಏರಿಸಿ ಇಳಿಸುವ ಪಿ-ಸ್ಟೇಟ್ ಡ್ರೈವರು ಕರ್ನಲಿಗೆ ಬಂದದ್ದು 5.17ರಲ್ಲಿ, ಆಮೇಲಿನ ಆವೃತ್ತಿಗಳಲ್ಲಿ ಅದು ಪಳಗಿತು. 5.15ರಲ್ಲಿ ಅದು ಸಿಗದು.

ಸಿಗದಿರುವುದನ್ನೂ ಹೇಳಬೇಕು. ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತಿಲ್ಲ, ಕೀಬೋರ್ಡಿನಲ್ಲಿ ಕಗಪ ವಿನ್ಯಾಸ ಬರುತ್ತಿಲ್ಲ, ಲಿಬ್ರೆಆಫೀಸ್ ಪಿಡಿಎಫ್ ಮಾಡಿದಾಗ ಅಕ್ಷರ ಚದುರುತ್ತದೆ ಎಂದು ಕರ್ನಲ್ ಬದಲಿಸಲು ಹೊರಡುವವರಿದ್ದಾರೆ. ಫಾಂಟು, ಟೈಪಿಂಗ್ ನೋಡಿಕೊಳ್ಳುವ ಐಬಸ್, ಅಕ್ಷರ ಜೋಡಣೆ ಇವೆಲ್ಲ ಕರ್ನಲಿನ ಹೊರಗಿನ ಸಂಗತಿಗಳು, 5.15ರಲ್ಲಿ ಹೇಗಿತ್ತೋ 6.8ರಲ್ಲೂ ಹಾಗೆಯೇ ಇರುತ್ತದೆ. ಪ್ರಿಂಟರ್ ಕೂಡ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ನೋಡಿಕೊಳ್ಳುವ ವ್ಯವಹಾರ. ಡಿಟಿಪಿ ಅಂಗಡಿಯವರು ಈ ಒಂದು ಕಾರಣಕ್ಕೆ ಕರ್ನಲಿಗೆ ಕೈ ಹಾಕಬೇಡಿ.

ಹಾಕುವ ಕ್ರಮ

ಹೊತ್ತು ಆರಿಸಿಕೊಳ್ಳುವುದೇ ಮೊದಲ ಹೆಜ್ಜೆ. ಆಟಿಯ ಗಾಳಿಮಳೆಗೆ ಲೈನಿನ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋಗುವ ನಾಡಿದು. ತುಲಾ ಮಾಸದಲ್ಲಂತೂ ಮಧ್ಯಾಹ್ನ ಮೂರರ ಮೇಲೆ ಗುಡುಗು ಶುರುವಾದರೆ ಮೊದಲು ಆಫ್ ಆಗುವುದು ಕಂಪ್ಯೂಟರು. ಡೆಸ್ಕ್‌ಟಾಪ್ ಆದರೆ ಯುಪಿಎಸ್‌ನ ಬ್ಯಾಟರಿ ಜೀವಂತ ಇದೆಯೇ ಎಂದು ಪ್ಲಗ್ ಕಿತ್ತು ನೋಡಿ, ಬೆಳಗ್ಗೆಯೇ ಕೆಲಸ ಮುಗಿಸಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಅರ್ಧಕ್ಕಿಂತ ಮೇಲಿದ್ದರೆ ಸಾಕು.

ಎರಡನೆಯದು ಜಾಗ. ‘ಡಿಎಫ್ -ಎಚ್’ ಕೊಟ್ಟು ಎರಡು ಕಡೆ ನೋಡಬೇಕು. ಮುಖ್ಯ ವಿಭಾಗದಲ್ಲಿ ಕನಿಷ್ಠ ಎರಡು ಜಿಬಿ ಖಾಲಿ ಬೇಕು, ಏಕೆಂದರೆ ಒಂದು ಕರ್ನಲಿನ ಮಾಡ್ಯೂಲುಗಳೇ (ಡ್ರೈವರುಗಳಂಥ ಬಿಡಿ ಭಾಗಗಳು) ಅರ್ಧ ಜಿಬಿ ಹತ್ತಿರ ನುಂಗುತ್ತವೆ. ಬೂಟ್ ಎಂಬ ಹೆಸರಿನ ಪ್ರತ್ಯೇಕ ವಿಭಾಗ ಕಂಡರೆ ಅದರಲ್ಲಿ 300 ಎಂಬಿ ಖಾಲಿ ಇಲ್ಲದೆ ಮುಂದೆ ಹೋಗಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಹಾಕಿದವರಿಗೆ ಈ ವಿಭಾಗ ಇದ್ದೇ ಇರುತ್ತದೆ.

ಆಮೇಲೆ ಎರಡೇ ಸಾಲು. ‘ಸುಡೊ ಆಪ್ಟ್ ಅಪ್‌ಡೇಟ್’ ಮೊದಲು. ಮತ್ತೆ ‘ಸುಡೊ ಆಪ್ಟ್ ಇನ್‌ಸ್ಟಾಲ್ --ಇನ್‌ಸ್ಟಾಲ್-ರೆಕಮೆಂಡ್ಸ್ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-22.04’. ಫರ್ಮ್‌ವೇರ್ ಪ್ಯಾಕೇಜಿಗೂ ಹೊಸ ಆವೃತ್ತಿ ಬಂದಿದ್ದರೆ ಅದೊಂದೇ ಇನ್ನೂರು ಎಂಬಿಗೂ ಮಿಕ್ಕಿದ್ದು. ಮೊಬೈಲ್ ಡೇಟಾದಲ್ಲಿ ಮಾಡುವವರು ಆ ದಿನದ ಕೋಟಾ ನೋಡಿಕೊಂಡು ಕೂರುವುದು ಒಳ್ಳೆಯದು.

ಇಲ್ಲೊಂದು ಸೂಕ್ಷ್ಮವಿದೆ. ಮೇಲೆ ಹೇಳಿದ್ದು ಮೆಟಾ ಪ್ಯಾಕೇಜು, ಅಂದರೆ ತನ್ನಲ್ಲಿ ಕರ್ನಲ್ ಇಲ್ಲದೆ, ಬೇಕಾದ್ದನ್ನೆಲ್ಲ ಎಳೆದು ತರುವ ಹೆಸರು. ಕೆಲವರು ಅದನ್ನು ಬಿಟ್ಟು ಲಿನಕ್ಸ್-ಇಮೇಜ್-6.8.0 ಎಂದು ಶುರುವಾಗುವ ಒಂದೇ ಪ್ಯಾಕೇಜನ್ನು ಸಂಖ್ಯೆ ಸಮೇತ ಹಾಕುತ್ತಾರೆ. ಹಾಗೆ ಮಾಡಿದರೆ ಮಾಡ್ಯೂಲ್ಸ್-ಎಕ್ಸ್‌ಟ್ರಾ ಪ್ಯಾಕೇಜು ಬಾರದೆ ಹೋಗಬಹುದು, ಆಗ ಹೊಸ ಕರ್ನಲಿನಲ್ಲಿ ವೈಫೈಯೂ ಇಲ್ಲ, ಸೌಂಡೂ ಇಲ್ಲ. ಮುಂದಿನ ಭದ್ರತಾ ತೇಪೆಗಳೂ ಬಾರವು. ಕೈಯಾರೆ ಹಾಕಿದ್ದೆಂದು ಗುರುತಾಗುವುದರಿಂದ, ಬೇಡದ ಪ್ಯಾಕೇಜು ತೆಗೆಯುವ ಆಟೊರಿಮೂವ್ ಆದೇಶ ಅದನ್ನು ಮುಟ್ಟದೆ ಡಿಸ್ಕಿನಲ್ಲಿ ಹಾಗೆಯೇ ಬಿಡುತ್ತದೆ.

ಇಷ್ಟಾದ ಮೇಲೆ ರೀಬೂಟ್. ರೀಬೂಟ್ ಮಾಡುವ ತನಕ ಓಡುತ್ತಿರುವುದು ಹಳೆಯ ಕರ್ನಲೇ. ಇದನ್ನು ಒತ್ತಿ ಹೇಳಲು ಕಾರಣವಿದೆ: ಮುಚ್ಚಳ ಮಡಚಿ ಸಸ್ಪೆಂಡ್ ಮಾಡಿ, ಬೆಳಗ್ಗೆ ತೆರೆದು ಕೆಲಸ ಮಾಡುವ ಲ್ಯಾಪ್‌ಟಾಪುಗಳು ವಾರಗಟ್ಟಲೆ ರೀಬೂಟ್ ಕಾಣುವುದಿಲ್ಲ. ತೇಪೆ ಡಿಸ್ಕಿಗೆ ಇಳಿದಿರುತ್ತದೆ, ಓಡುತ್ತಿರುವ ಕರ್ನಲಿಗೆ ಹತ್ತಿರುವುದಿಲ್ಲ. 2022ರ ಡರ್ಟಿ ಪೈಪ್ ದೋಷದಂಥದ್ದು, ಸಾಮಾನ್ಯ ಬಳಕೆದಾರನೊಬ್ಬ ರೂಟ್ ಅಧಿಕಾರ (ಯಂತ್ರದ ಪೂರ್ಣ ಹಿಡಿತ) ಕಸಿಯಲು ದಾರಿ ಮಾಡಿಕೊಟ್ಟ ದೋಷ, ಇಂಥ ಯಂತ್ರಗಳಲ್ಲಿ ತೇಪೆ ಬಂದ ಮೇಲೂ ತೆರೆದೇ ಇರುತ್ತದೆ. ಹಲವರು ಒಂದೇ ಯಂತ್ರ ಬಳಸುವ ಗ್ರಂಥಾಲಯ, ಲ್ಯಾಬ್‌ಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಬೂಟ್ ವಿಭಾಗ ತುಂಬಿದಾಗ

ಕೈಕೊಡುವ ಜಾಗಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಕರ್ನಲಿನ ಕಡತ ಹದಿನೈದು ಎಂಬಿಯೊಳಗೆ ಮುಗಿಯುತ್ತದೆ, ಆದರೆ ಅದರ ಜೊತೆಗೆ ಬೂಟ್ ಹೊತ್ತಿಗೆ ಬೇಕಾದ ಡ್ರೈವರುಗಳನ್ನೆಲ್ಲ ಕಟ್ಟಿಡುವ ಇನಿಟ್‌ಆರ್‌ಡಿ ಕಡತ ನೂರು ಎಂಬಿಯ ಆಸುಪಾಸು. ಉಬುಂಟು ಎರಡು ಮೂರು ಕರ್ನಲುಗಳನ್ನು ಇಟ್ಟುಕೊಳ್ಳುತ್ತದೆ. ಹೊಸ ಇನಿಟ್‌ಆರ್‌ಡಿ ತಯಾರಾಗುವಾಗ ತಾತ್ಕಾಲಿಕ ಕಡತಕ್ಕೂ ಜಾಗ ಬೇಕು. ಅರ್ಧ ಜಿಬಿಯ ಬೂಟ್ ವಿಭಾಗ ಇದಕ್ಕೆಲ್ಲ ಸಾಲದು. ಪರದೆಯ ಮೇಲೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಬರುತ್ತದೆ. ಅದರ ಕೆಳಗೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಫೇಲ್ಡ್’. ಅದರ ಕೆಳಗೆ ಪ್ಯಾಕೇಜು ಕೂರಿಸುವ ಡಿಪಿಕೆಜಿಯ ದೂರು.

ಜಾಗ ಇನ್ನೂ ಸ್ವಲ್ಪ ಉಳಿದಿದ್ದರೆ ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಹಳೆಯವನ್ನು ತೆಗೆದುಬಿಡುತ್ತದೆ. ಪೂರ್ತಿ ತುಂಬಿಬಿಟ್ಟರೆ ಆ ಸಾಲೇ ಓಡದು, ಏಕೆಂದರೆ ಅರ್ಧಕ್ಕೆ ನಿಂತ ಪ್ಯಾಕೇಜನ್ನು ಮುಗಿಸದೆ ಆಪ್ಟ್ ಬೇರೆ ಕೆಲಸಕ್ಕೆ ಒಪ್ಪುವುದಿಲ್ಲ, ಜಾಗವಿಲ್ಲದೆ ಅದನ್ನು ಮುಗಿಸಲೂ ಆಗುವುದಿಲ್ಲ. ಆಗ ಹೀಗೆ ಮಾಡಿ. ‘ಯುನೇಮ್ -ಆರ್’ ಕೊಟ್ಟು ಈಗ ಓಡುತ್ತಿರುವ ಆವೃತ್ತಿಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಬೂಟ್ ಫೋಲ್ಡರಿನಲ್ಲಿ ಇನಿಟ್‌ಆರ್‌ಡಿ ಎಂದು ಶುರುವಾಗುವ ಕಡತಗಳ ಪಟ್ಟಿ ತೆಗೆಯಿರಿ. ಬರೆದುಕೊಂಡ ಸಂಖ್ಯೆಯನ್ನು ಬಿಟ್ಟು ಎಲ್ಲಕ್ಕಿಂತ ಹಳೆಯ ಒಂದೇ ಒಂದನ್ನು ಹೋಮ್ ಫೋಲ್ಡರಿಗೆ ಸಾಗಿಸಿ. ಅಳಿಸಬೇಡಿ, ಸಾಗಿಸಿ. ನೂರು ಎಂಬಿ ಬಿಡುವಾಯಿತಲ್ಲ, ಈಗ ‘ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್’ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತದೆ. ಆಮೇಲೆ ಆ ಹಳೆಯ ಆವೃತ್ತಿಯ ಪ್ಯಾಕೇಜನ್ನು ಪರ್ಜ್ ಮಾಡಿ, ಸಾಗಿಸಿದ ಕಡತವನ್ನೂ ತೆಗೆಯಬಹುದು.

ಪದೇ ಪದೇ ಹೀಗಾಗುವ ಯಂತ್ರಕ್ಕೆ ಒಂದು ಕಾಯಂ ಉಪಾಯವಿದೆ. ಇಟಿಸಿ ಫೋಲ್ಡರಿನೊಳಗೆ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಎಂಬಲ್ಲಿ ಇನಿಟ್‌ರಾಮ್‌ಎಫ್‌ಎಸ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ‘ಮಾಡ್ಯೂಲ್ಸ್=ಮೋಸ್ಟ್’ ಎಂದಿರುವುದನ್ನು ‘ಡೆಪ್’ ಎಂದು ಬದಲಿಸಿ, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಟ್ಟರೆ ಆ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರುಗಳನ್ನು ಕಟ್ಟುತ್ತದೆ, ಕಡತ ಚಿಕ್ಕದಾಗುತ್ತದೆ. ಇದರ ಬೆಲೆ: ಆ ಡಿಸ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೆ ಬೂಟ್ ಆಗದೆ ಹೋಗಬಹುದು. ಲ್ಯಾಬಿನಲ್ಲಿ ಒಂದು ಡಿಸ್ಕನ್ನು ಕ್ಲೋನ್ ಮಾಡಿ ಬೇರೆ ಬೇರೆ ಮಾದರಿಯ ಯಂತ್ರಗಳಿಗೆ ಹಂಚುವವರು ಈ ದಾರಿ ಹಿಡಿಯಲೇಬಾರದು.

ಹೊರಗಿನ ಡ್ರೈವರುಗಳು

ಒಂದು ಅಂಕ ಕಳೆದದ್ದು ಇಲ್ಲಿ. ಕರ್ನಲಿನೊಳಗೆ ಇಲ್ಲದ ಡ್ರೈವರುಗಳನ್ನು ಡಿಕೆಎಂಎಸ್ ಎಂಬ ವ್ಯವಸ್ಥೆ ಪ್ರತಿ ಹೊಸ ಕರ್ನಲಿಗೂ ಹೊಸದಾಗಿ ಕಂಪೈಲ್ ಮಾಡುತ್ತದೆ, ಅಂದರೆ ಅದರ ಮೂಲ ಬರಹದಿಂದ ಮತ್ತೆ ಕಟ್ಟುತ್ತದೆ. ವರ್ಚುವಲ್‌ಬಾಕ್ಸ್, ಎನ್‌ವಿಡಿಯಾ, ಹೊರಗಿನಿಂದ ತಂದು ಹಾಕಿದ ಯುಎಸ್‌ಬಿ ವೈಫೈ ಡ್ರೈವರು ಎಲ್ಲ ಈ ಗುಂಪಿನವು. 22.04ರಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಈ ಆವೃತ್ತಿಯ ಸಹಜ ಕಂಪೈಲರ್ ಜಿಸಿಸಿ 11, ಆದರೆ 6.5 ಮತ್ತು 6.8 ಕರ್ನಲುಗಳನ್ನು ಕಟ್ಟಿದ್ದು ಜಿಸಿಸಿ 12ರಿಂದ. ಯಂತ್ರದಲ್ಲಿ 12 ಇಲ್ಲದಿದ್ದರೆ ಡ್ರೈವರು ಕಂಪೈಲ್ ಆಗದು. ಟರ್ಮಿನಲಿನಲ್ಲಿ ಬರೀ ‘ಬ್ಯಾಡ್ ರಿಟರ್ನ್ ಸ್ಟೇಟಸ್’ ಎಂದು ಕಾಣುತ್ತದೆ, ಕಾರಣ ತಿಳಿಯುವುದಿಲ್ಲ. ಕಾರಣ ಇರುವುದು ವಾರ್, ಲಿಬ್, ಡಿಕೆಎಂಎಸ್ ಫೋಲ್ಡರುಗಳೊಳಗೆ ಆ ಡ್ರೈವರಿನ ಹೆಸರಿನ ಕೆಳಗೆ ಸಿಗುವ ಮೇಕ್ ಡಾಟ್ ಲಾಗ್ ಕಡತದಲ್ಲಿ. ಅದನ್ನು ತೆರೆದು ‘ಎಫ್‌ಟ್ರಿವಿಯಲ್-ಆಟೊ-ವಾರ್-ಇನಿಟ್’ ಎಂಬ ಆಯ್ಕೆ ತನಗೆ ಗೊತ್ತಿಲ್ಲವೆಂದು ಜಿಸಿಸಿ ಹೇಳಿದ್ದು ಕಂಡರೆ ಮದ್ದು ಸುಲಭ: ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12’, ಆಮೇಲೆ ‘ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್’. ಈಚಿನ ಡಿಕೆಎಂಎಸ್ ಪ್ಯಾಕೇಜು ಜಿಸಿಸಿ 12ನ್ನು ತಾನೇ ತರಿಸಿಕೊಳ್ಳುತ್ತದೆ. ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರಗಳು ಮಾತ್ರ ಸಿಕ್ಕಿಬೀಳುತ್ತವೆ.

ಲಾಗಿನಲ್ಲಿ ಬೇರೆ ಬಗೆಯ ತಪ್ಪುಗಳು, ಫಂಕ್ಷನಿನ ಹೆಸರು ಸಿಗಲಿಲ್ಲ, ಆರ್ಗ್ಯುಮೆಂಟುಗಳ ಎಣಿಕೆ ಹೊಂದಲಿಲ್ಲ ಎಂಬಂಥವು ಕಂಡರೆ ಆ ಡ್ರೈವರು ಹಳೆಯ ಕರ್ನಲಿಗೆ ಬರೆದದ್ದು, ಹೊಸತಕ್ಕೆ ಹೊಂದದು. ಜಿಸಿಸಿ ಬದಲಿಸಿ ಪ್ರಯೋಜನವಿಲ್ಲ. ಆ ಡ್ರೈವರನ್ನು ತೆಗೆದು, ಕರ್ನಲಿನೊಳಗೇ ಈಗ ಅದಕ್ಕೆ ಡ್ರೈವರು ಬಂದಿದೆಯೇ ನೋಡಿ. 8852ಬಿಇಗೆಂದು ಹೊರಗಿನ ಡ್ರೈವರು ಹಾಕಿಕೊಂಡವರು 6.8ಕ್ಕೆ ಬಂದ ಮೇಲೆ ಅದನ್ನು ತೆಗೆದುಹಾಕುವುದೇ ಸರಿ, ಎರಡೂ ಇದ್ದರೆ ಒಂದನ್ನೊಂದು ತಡೆಯುತ್ತವೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ಬೂಟ್ ಹೊತ್ತಿಗೆ ತಡೆಯುವ ವ್ಯವಸ್ಥೆ) ಆನ್ ಇರುವ ಲ್ಯಾಪ್‌ಟಾಪಿನಲ್ಲಿ ಡಿಕೆಎಂಎಸ್ ಡ್ರೈವರಿಗೆ ಸಹಿಯೂ ಬೇಕು. ಮೊದಲ ಸಲ ಇಂಥ ಡ್ರೈವರು ಹಾಕುವಾಗ ಕನಿಷ್ಠ ಎಂಟು ಅಕ್ಷರದ ಪಾಸ್‌ವರ್ಡ್ ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಮುಂದಿನ ಬೂಟಿನಲ್ಲಿ ಒಮ್ಮೆ ಬಳಸಿ ಮರೆಯುವಂಥದ್ದು. ರೀಬೂಟ್ ಆದೊಡನೆ ನೀಲಿ ಪರದೆಯ ಮೇಲೆ ‘ಪ್ರೆಸ್ ಎನಿ ಕೀ’ ಎಂದು ಹತ್ತರಿಂದ ಕೆಳಗೆ ಎಣಿಕೆ ಇಳಿಯುತ್ತದೆ. ಆ ಹತ್ತು ಸೆಕೆಂಡಿನೊಳಗೆ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’ ಎಂದು ಸಾಗಿ ಪಾಸ್‌ವರ್ಡ್ ಕೊಟ್ಟು ರೀಬೂಟ್ ಆರಿಸಬೇಕು. ಆ ಹೊತ್ತಿಗೆ ಕೀಬೋರ್ಡು ಅಮೆರಿಕನ್ ಇಂಗ್ಲಿಷ್ ವಿನ್ಯಾಸದಲ್ಲಿರುತ್ತದೆ, ಆದ್ದರಿಂದ ಪಾಸ್‌ವರ್ಡಿನಲ್ಲಿ ಚಿಹ್ನೆಗಳು ಬೇಡ, ಸಣ್ಣಕ್ಷರ ಮತ್ತು ಅಂಕೆ ಸಾಕು. ಎಣಿಕೆ ಸೊನ್ನೆಗೆ ಇಳಿದರೆ ಯಂತ್ರ ಏನೂ ಹೇಳದೆ ಬೂಟ್ ಆಗುತ್ತದೆ, ಡ್ರೈವರು ಮಾತ್ರ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಕೂರುತ್ತದೆ. ಎಲ್ಲ ಮತ್ತೆ ಹಾಕಬೇಕಿಲ್ಲ. ವಾರ್, ಲಿಬ್, ಶಿಮ್-ಸೈನ್ಡ್, ಮೋಕ್ ಎಂಬ ದಾರಿಯ ಕೊನೆಗೆ ಇರುವ ಎಂಒಕೆ ಡಾಟ್ ಡಿಇಆರ್ ಕಡತವನ್ನು ‘ಸುಡೊ ಮೋಕ್‌ಯುಟಿಲ್ --ಇಂಪೋರ್ಟ್’ಗೆ ಕೊಟ್ಟರೆ ಮುಂದಿನ ಬೂಟಿನಲ್ಲಿ ನೀಲಿ ಪರದೆ ಮತ್ತೆ ಬರುತ್ತದೆ.

ಎನ್‌ವಿಡಿಯಾದ ಹಳೆಯ ಕಾರ್ಡುಗಳ ಬಗ್ಗೆ ಖಡಾಖಂಡಿತವಾಗಿ ಹೇಳಬಹುದು. ಜಿಟಿ 610ರಂಥ ಫರ್ಮಿ ಪೀಳಿಗೆಯ ಕಾರ್ಡಿಗೆ ಬೇಕಾದ 390 ಡ್ರೈವರಿಗೆ ಎನ್‌ವಿಡಿಯಾ 2022ರ ಕೊನೆಗೆ ಬೆಂಬಲ ನಿಲ್ಲಿಸಿತು. ಆ ಡ್ರೈವರನ್ನೇ ನಂಬಿರುವ ಯಂತ್ರ 5.15ರಲ್ಲೇ ಇರಲಿ. ನೂವೋ ಎಂಬ ಕರ್ನಲಿನದೇ ಡ್ರೈವರಿನಲ್ಲಿ ನಡೆಯುತ್ತಿರುವುದಾದರೆ 6.8 ಹಾಕಲು ಅಡ್ಡಿಯಿಲ್ಲ. ಟೈಪಿಂಗ್, ಬ್ರೌಸಿಂಗ್, ಪೋಸ್ಟರ್ ವಿನ್ಯಾಸಕ್ಕೆ ನೂವೋ ಸಾಕು.

ಬೂಟ್ ಆಗದಿದ್ದರೆ

ಹಳೆಯ ಕರ್ನಲ್ ಅಳಿಯದೆ ಪಕ್ಕದಲ್ಲೇ ಇರುವುದು ಈ ಇಡೀ ವ್ಯವಸ್ಥೆಯ ದೊಡ್ಡ ಗುಣ. ಯಾವ ಕರ್ನಲಿನಿಂದ ಬೂಟ್ ಆಗಬೇಕೆಂದು ಆರಿಸುವ ಗ್ರಬ್ ಪಟ್ಟಿ ಸಾಮಾನ್ಯವಾಗಿ ಕಾಣದಂತೆ ಇರುತ್ತದೆ. ಆನ್ ಮಾಡಿದೊಡನೆ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್, ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಒತ್ತಬೇಕು. ‘ಅಡ್ವಾನ್ಸ್ಡ್ ಆಪ್ಷನ್ಸ್ ಫಾರ್ ಉಬುಂಟು’ ಒಳಗೆ ಎಲ್ಲ ಕರ್ನಲುಗಳ ಪಟ್ಟಿ ಇದೆ, 5.15 ಆರಿಸಿದರೆ ನಿನ್ನೆಯ ಕಂಪ್ಯೂಟರ್ ಹಾಗೆಯೇ ತೆರೆಯುತ್ತದೆ. ಎಸ್ಕೇಪ್ ಹೊತ್ತು ನೋಡಿ ಒತ್ತುವ ಕಷ್ಟ ಬೇಡವೆಂದರೆ, ಅಪ್‌ಗ್ರೇಡ್‌ಗೆ ಮೊದಲೇ ಇಟಿಸಿಯ ಡಿಫಾಲ್ಟ್ ಫೋಲ್ಡರಿನ ಗ್ರಬ್ ಕಡತದಲ್ಲಿ ಗ್ರಬ್-ಟೈಮ್‌ಔಟ್-ಸ್ಟೈಲ್ ಎದುರಿನ ‘ಹಿಡನ್’ ಅನ್ನು ‘ಮೆನು’ ಮಾಡಿ, ಟೈಮ್‌ಔಟ್ ಸೊನ್ನೆಯನ್ನು 5 ಮಾಡಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಐದು ಸೆಕೆಂಡ್ ತಡವಾಗಿ ಬೂಟ್ ಆಗುವುದು ದೊಡ್ಡ ನಷ್ಟವಲ್ಲ.

‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದು ಕರ್ನಲ್ ಪ್ಯಾನಿಕ್ ಬಂದರೆ ಡಿಸ್ಕ್ ಹಾಳಾಯಿತೆಂದು ಗಾಬರಿ ಬೇಡ. ಹೆಚ್ಚಿನಂಶ ಆ ಆವೃತ್ತಿಗೆ ಇನಿಟ್‌ಆರ್‌ಡಿ ತಯಾರಾಗಿಲ್ಲ ಅಥವಾ ಅರ್ಧಕ್ಕೆ ನಿಂತಿದೆ: ನಡುವೆ ಕರೆಂಟು ಹೋಗಿರಬೇಕು, ಇಲ್ಲವೇ ಬೂಟ್ ವಿಭಾಗ ತುಂಬಿರಬೇಕು. ಹಳೆಯ ಕರ್ನಲಿನಲ್ಲಿ ಒಳಬಂದು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಎಂದು ಹೊಸ ಕರ್ನಲಿನ ಪೂರ್ಣ ಹೆಸರು, ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಪ್ಯಾಕೇಜು ಕೂರುವಾಗ ಗ್ರಬ್ ಪಟ್ಟಿ ಬರೆಯುವುದು ಇನಿಟ್‌ಆರ್‌ಡಿ ಆದ ಮೇಲೆ, ಹಾಗಾಗಿ ನಡುವೆ ಕರೆಂಟು ಹೋದರೂ ಸಾಮಾನ್ಯವಾಗಿ ಹಳೆಯದೇ ಬೂಟ್ ಆಗುತ್ತದೆ.

ಪರದೆ ಕಪ್ಪಾಗಿ ನಿಂತರೆ, ಡಿಸ್ಕಿನ ಲೈಟ್ ಮಿನುಗುತ್ತಿದ್ದರೆ, ಅದು ಗ್ರಾಫಿಕ್ಸ್ ಡ್ರೈವರಿನ ತೊಂದರೆ. ಗ್ರಬ್ ಪಟ್ಟಿಯಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಅದು ಒಂದು ಬೂಟಿಗೆ ಮಾತ್ರ, ಒಳಗೆ ಬಂದು ಡ್ರೈವರು ಸರಿಮಾಡಲು.

ಬೇರೆ ದಾರಿಗಳು

ಉಬುಂಟುವಿನ ಮೇನ್‌ಲೈನ್ ಕರ್ನಲುಗಳೆಂದು (ಉಬುಂಟು ತನ್ನ ತೇಪೆ ಹಾಕದೆ ಕಟ್ಟಿಕೊಡುವ ಮೂಲ ಲಿನಕ್ಸ್ ಕರ್ನಲುಗಳು) ಇಳಿಸಿಕೊಳ್ಳಲು ಸಿಗುವವನ್ನು ದಿನಬಳಕೆಯ ಯಂತ್ರಕ್ಕೆ ಹಾಕಬೇಡಿ. ಅವಕ್ಕೆ ಸಹಿ ಇರುವುದಿಲ್ಲ, ಸೆಕ್ಯೂರ್ ಬೂಟ್ ಅವನ್ನು ಬಾಗಿಲಲ್ಲೇ ತಡೆಯುತ್ತದೆ. ಭದ್ರತಾ ತೇಪೆಗಳು ತಾವಾಗಿ ಬರುವುದಿಲ್ಲ. ಇತ್ತೀಚಿನವುಗಳ ಹೆಡರ್ ಪ್ಯಾಕೇಜು 22.04ರಲ್ಲಿರುವ ಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.35ಕ್ಕಿಂತ ಹೊಸದನ್ನು ಕೇಳುವುದರಿಂದ ಡಿಕೆಎಂಎಸ್ ಕೂಡ ಕೆಟ್ಟು ಕೂರುತ್ತದೆ. ದೋಷ ಹುಡುಕುವವರಿಗೆಂದೇ ಮಾಡಿದ್ದು ಅದು.

ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಎಚ್‌ಡಬ್ಲ್ಯುಇಗೆ ಸಮನಾದದ್ದು ಬ್ಯಾಕ್‌ಪೋರ್ಟ್ಸ್. 6.1ರಿಂದ 6.12ಕ್ಕೆ ಏರಬಹುದು, ಕೆಲಸ ಅಚ್ಚುಕಟ್ಟು. ಹಳೆಯ 32 ಬಿಟ್ ಯಂತ್ರ ಇಟ್ಟುಕೊಂಡವರು ಡೆಬಿಯನ್ 12ರಲ್ಲೇ ನಿಲ್ಲಬೇಕು, 2025ರಲ್ಲಿ ಬಂದ 13ರಲ್ಲಿ ಅವಕ್ಕೆ ಕರ್ನಲ್ ಇಲ್ಲ.

ಲ್ಯಾಬಿಗೆ ಹಾಕುವಾಗ

ಒಂದೊಂದು ಯಂತ್ರವೂ ಪ್ರತ್ಯೇಕವಾಗಿ ಇಳಿಸಿಕೊಂಡರೆ ಶಾಲೆಯ ನೆಟ್ ದಿನವಿಡೀ ಕಟ್ಟಿಕೊಳ್ಳುತ್ತದೆ. ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಉಳಿದವುಗಳ ಆಪ್ಟ್ ಸೆಟ್ಟಿಂಗಿನಲ್ಲಿ ಆ ಯಂತ್ರದ ಐಪಿ ವಿಳಾಸವನ್ನು 3142 ಪೋರ್ಟಿನೊಡನೆ ಪ್ರಾಕ್ಸಿಯಾಗಿ ಕೊಟ್ಟರೆ ಪ್ಯಾಕೇಜು ಹೊರಗಿನಿಂದ ಬರುವುದು ಒಮ್ಮೆ ಮಾತ್ರ. ನೆಟ್ ಇಲ್ಲದ ಕಡೆಗೆ ಪೆನ್‌ಡ್ರೈವಿನಲ್ಲಿ ಒಯ್ಯುವುದಾದರೆ ‘ಆಪ್ಟ್’ ಬದಲು ‘ಆಪ್ಟ್-ಗೆಟ್’ ಬಳಸಿ. ‘ಆಪ್ಟ್’ ಕೆಲಸ ಮುಗಿದೊಡನೆ ಇಳಿಸಿದ ಡೆಬ್ ಕಡತಗಳನ್ನು ಅಳಿಸುತ್ತದೆ, ‘ಆಪ್ಟ್-ಗೆಟ್’ ಉಳಿಸುತ್ತದೆ.

ಪ್ರತಿ ಮಾದರಿಯ ಒಂದು ಯಂತ್ರಕ್ಕೆ ಮೊದಲು ಹಾಕಿ, ಒಂದು ವಾರ ಮಕ್ಕಳು ಬಳಸಲಿ. ಸಸ್ಪೆಂಡ್ ಆಗಿ ಏಳುತ್ತದೆಯೇ, ಪ್ರೊಜೆಕ್ಟರಿಗೆ ಎಚ್‌ಡಿಎಂಐ ಹೋಗುತ್ತದೆಯೇ, ಹೆಡ್‌ಫೋನಿನಲ್ಲಿ ಧ್ವನಿ ಬರುತ್ತದೆಯೇ ಎಂಬ ಮೂರನ್ನು ನೋಡಿದರೆ ಮುಕ್ಕಾಲು ಭಾಗ ತಿಳಿದಂತೆ. ಕೈಟ್ ಕೊಟ್ಟ, ವಾರಂಟಿಯಲ್ಲಿರುವ ಯಂತ್ರವಾದರೆ ಶಾಲೆಯ ಐಟಿ ಸಂಯೋಜಕರ ಮೂಲಕ ಮಾಸ್ಟರ್ ಟ್ರೈನರರನ್ನು ಕೇಳದೆ ಮುಟ್ಟುವುದು ಬೇಡ. ಪರೀಕ್ಷೆಯ ತಂತ್ರಾಂಶ ಹಾಕಿ ಸಿದ್ಧಪಡಿಸಿದ ಮೇಲಂತೂ ಐಟಿ ಪರೀಕ್ಷೆ ಮುಗಿಯುವ ತನಕ ಕರ್ನಲಿನ ಸುದ್ದಿಗೇ ಹೋಗಬೇಡಿ.

6.8 ಒಗ್ಗದಿದ್ದರೆ 5.15ಕ್ಕೆ ಮರಳುವುದಕ್ಕೂ ಕ್ರಮವಿದೆ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಜೆನೆರಿಕ್’ ಕೊಟ್ಟು ಮೂಲ ದಾರಿಯ ಮೆಟಾ ಪ್ಯಾಕೇಜನ್ನು ಕೂರಿಸಿ, ಗ್ರಬ್ ಪಟ್ಟಿಯಿಂದ 5.15 ಆರಿಸಿ ಬೂಟ್ ಮಾಡಿ, ‘ಯುನೇಮ್ -ಆರ್’ನಲ್ಲಿ ಅದನ್ನು ಕಣ್ಣಾರೆ ನೋಡಿ, ಆಮೇಲಷ್ಟೇ ಎಚ್‌ಡಬ್ಲ್ಯುಇ ಹೆಸರಿನ ಮೆಟಾ ಪ್ಯಾಕೇಜುಗಳನ್ನೂ 6.8ರ ಇಮೇಜುಗಳನ್ನೂ ಪರ್ಜ್ ಮಾಡಿ. 6.8 ಉಳಿದರೆ ಗ್ರಬ್ ದೊಡ್ಡ ಸಂಖ್ಯೆಯನ್ನೇ ಮೊದಲು ಆರಿಸುತ್ತದೆ. ಕರ್ನಲನ್ನು ‘ಆಪ್ಟ್-ಮಾರ್ಕ್ ಹೋಲ್ಡ್’ ಮಾಡಿ ಕಟ್ಟಿಹಾಕುವ ಸಲಹೆ ಕೆಲವರು ಕೊಡುತ್ತಾರೆ. ಹೋಲ್ಡ್ ಮಾಡಿದ ಕರ್ನಲಿಗೆ ಭದ್ರತಾ ತೇಪೆಯೂ ಬರುವುದಿಲ್ಲ. 5.15 ಬೇಕೆಂದರೆ ಲಿನಕ್ಸ್-ಜೆನೆರಿಕ್ ದಾರಿ ಇದ್ದೇ ಇದೆ, ತೇಪೆಗಳ ಸಮೇತ.